ಹಳೇಬೀಡಿನ ಗೋಡೆ ಆರಿಸಿಕೊಟ್ಟ ಕ್ಯಾಮೆರಾ

ಹಾಸನದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಹೊಯ್ಸಳರ ಪಾಠ ಬಂದಾಗಲೆಲ್ಲ ಒಂದು ಕೊರಗು. ಪುಸ್ತಕದಲ್ಲಿರುವ ಚಿತ್ರ ಅಂಗೈಯಗಲ. ಅದರಲ್ಲಿ ಗುಡಿ ಕಾಣುತ್ತದೆ, ಗುಡಿಯ ಗೋಡೆ ಕಾಣುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ. ಇದನ್ನೆಲ್ಲ ತರಗತಿಯಲ್ಲಿ ಪ್ರೊಜೆಕ್ಟರ್ ಹಾಕಿ ದೊಡ್ಡದಾಗಿ ತೋರಿಸಬೇಕು, ಆನೆಯ ಕೊರಳ ಗಂಟೆ ಕೂಡ ಮಕ್ಕಳಿಗೆ ಕಾಣಬೇಕು. ಈ ಆಸೆಯಿಂದಲೇ ನಾನು ಫೋಟೋಗ್ರಫಿ ಕಲಿಯಲು ಹೊರಟಿದ್ದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆಸೆ ಇನ್ನೂ ಜಾಸ್ತಿ ಆಯಿತು.

ನಮ್ಮ ಚಿಕ್ಕಪ್ಪ ಫಿಲಂ ಕಾಲದಲ್ಲಿ ಸ್ಟುಡಿಯೋ ಇಟ್ಟಿದ್ದವರು. ಮೊದಲು ಅವರನ್ನೇ ಕೇಳಿದೆ.

"ಚಿಕ್ಕಪ್ಪ, ನಂಗೊಂದು ಒಳ್ಳೆ ಕ್ಯಾಮೆರಾ ಹೇಳಿ."

"ಏನು ತೆಗೀತೀಯಮ್ಮ?"

"ಗುಡಿ ತೆಗೀಬೇಕು. ಹಂಗೇ ಮನೆ, ಮಕ್ಕಳು, ತೋಟ, ಎಲ್ಲಾನೂ."

"ಎಲ್ಲಾನೂ ತೆಗೆಯೋ ಕ್ಯಾಮೆರಾ ನಿನ್ನ ಕೈಯಲ್ಲೇ ಇದೆಯಲ್ಲ. ಸ್ವಲ್ಪ ದಿನ ಫೋನಲ್ಲೇ ತೆಗಿ. ಅದರಲ್ಲಿ ಆಗದೇ ಇರೋದು ಏನು ಅಂತ ಒಂದು ಪುಸ್ತಕದಲ್ಲಿ ಬರ್ಕೋ. ಆಮೇಲೆ ಅಂಗಡಿಗೆ ಹೋಗೋಣ."

ಈಗ ಯಾರು ಕೇಳಿದರೂ ನಾನು ಕೊಡುವ ಸಲಹೆ ಇದೇ. ಆ ನೋಟ್‌ಪುಸ್ತಕ ಇಲ್ಲದೆ ಅಂಗಡಿಗೆ ಹೋಗಿದ್ದರೆ ಅಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಿತ್ತು.

ಫೋನಿನಲ್ಲಿ ಕಲಿಯಲು ಬೇಕಾದಷ್ಟಿದೆ. ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಗೆರೆ ಹಾಕಿಕೊಂಡರೆ ಕಂಬ ನೆಟ್ಟಗಿದೆಯೋ ವಾಲಿದೆಯೋ ತಕ್ಷಣ ಗೊತ್ತಾಗುತ್ತದೆ. ಪರದೆ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಪಕ್ಕದ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಚಿತ್ರ ಬೆಳ್ಳಗೋ ಕಪ್ಪಗೋ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕಲಿತದ್ದು ಚಿಕ್ಕಪ್ಪ ಕೊಟ್ಟ ಒಂದು ಮನೆಗೆಲಸದಿಂದ. ದೇವರ ಮನೆಯ ಹಿತ್ತಾಳೆ ಗಣಪತಿಯನ್ನು ಕಿಟಕಿ ಪಕ್ಕ ಸ್ಟೂಲಿನ ಮೇಲಿಡಬೇಕು. ಮೂರ್ತಿಯನ್ನು ಅಲುಗಿಸಬಾರದು, ನಾನೇ ಸುತ್ತ ತಿರುಗಬೇಕು. ಕಿಟಕಿ ನನ್ನ ಬೆನ್ನ ಹಿಂದೆ ಇದ್ದಾಗ ಗಣಪತಿ ಚಪ್ಪಟೆ. ಹೊಟ್ಟೆಯೂ ಸೊಂಡಿಲೂ ಒಂದೇ ಮಟ್ಟಕ್ಕೆ ಅಂಟಿಸಿದಂತೆ ಕಾಣುತ್ತದೆ. ಬೆಳಕು ಪಕ್ಕದಿಂದ ಬೀಳುವ ಕಡೆ ಹೋಗಿ ನಿಂತಾಗ ಸೊಂಡಿಲಿನ ಸುಕ್ಕು, ಕಿವಿಯ ಅಂಚು, ಹಾರದ ಒಂದೊಂದು ಮಣಿ ಎದ್ದು ನಿಂತವು. ಕಿಟಕಿ ಮೂರ್ತಿಯ ಹಿಂದೆ ಬಂದಾಗ ಬರೀ ಕಪ್ಪು ಆಕಾರ, ಸುತ್ತ ಒಂದು ಹೊಳೆಯುವ ಗೆರೆ. ಕ್ಯಾಮೆರಾ ಬದಲಾಗಿಲ್ಲ, ವಸ್ತು ಬದಲಾಗಿಲ್ಲ. ಬದಲಾದದ್ದು ನಾನು ನಿಂತ ಜಾಗ, ಅಷ್ಟೇ.

ಇದೇ ಕಣ್ಣು ಇಟ್ಟುಕೊಂಡು ಹಳೇಬೀಡಿಗೆ ಹೋದೆ. ಆ ಗುಡಿಯನ್ನು ಅದಕ್ಕೆ ಮುಂಚೆ ಎಷ್ಟೋ ಸಲ ನೋಡಿದ್ದೆ, ಆದರೆ ಅವತ್ತು ಕಂಡದ್ದೇ ಬೇರೆ. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ದೊಡ್ಡ ದೊಡ್ಡ ಮೂರ್ತಿಗಳು ತುಂಬಿರುವ ಹಿಂಬದಿಯ ಗೋಡೆ ಪಶ್ಚಿಮಕ್ಕಿದೆ. ಹಾಗಾಗಿ ಬೆಳಗ್ಗೆ ಆ ಗೋಡೆಗೆ ನೆರಳು, ಮಧ್ಯಾಹ್ನದ ನಂತರ ಬಿಸಿಲು. ಅದರ ಜೊತೆಗೆ ಗುಡಿಯ ತಳವಿನ್ಯಾಸ ನಕ್ಷತ್ರದ ಆಕಾರ. ಗೋಡೆ ಒಂದೇ ನೇರಕ್ಕೆ ಹೋಗುವುದಿಲ್ಲ, ಹೆಜ್ಜೆ ಹೆಜ್ಜೆಗೂ ಒಳಕ್ಕೆ ಹೊರಕ್ಕೆ ಮುರಿಯುತ್ತದೆ. ಒಂದು ಮೂಲೆಗೆ ಬಿಸಿಲು ನೇರವಾಗಿ ಬಡಿಯುತ್ತಿದ್ದರೆ, ಪಕ್ಕದ ಮೂಲೆಗೆ ಅದೇ ಬಿಸಿಲು ಅಡ್ಡಡ್ಡ ಸವರಿಕೊಂಡು ಹೋಗುತ್ತಿರುತ್ತದೆ. ಎರಡನೇ ಮೂಲೆಯಲ್ಲಿ ಆ ಹೊತ್ತಿಗೆ ಕೆತ್ತನೆ ಪೂರ್ತಿ ಎದ್ದು ಕಾಣುತ್ತದೆ. ಇನ್ನೊಂದು ಗಂಟೆ ಬಿಟ್ಟು ಬಂದರೆ ಮತ್ತೊಂದು ಮೂಲೆಯ ಸರದಿ. ಕೆತ್ತಿದವರು ಇದನ್ನು ಲೆಕ್ಕ ಹಾಕಿಯೇ ಕೆತ್ತಿದರೋ ಏನೋ. ಫೋಟೋ ತೆಗೆಯುವವರಿಗಂತೂ ಅದೊಂದು ದೊಡ್ಡ ಪಾಠಶಾಲೆ. ನಡುಮಧ್ಯಾಹ್ನ ಮಾತ್ರ ಬೇಡ. ನೆತ್ತಿ ಮೇಲಿನ ಬಿಸಿಲಿಗೆ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು ಕೂತು ಮುಖಗಳು ಹಾಳಾಗುತ್ತವೆ.

ನೋಟ್‌ಪುಸ್ತಕಕ್ಕೆ ಬರೆಯಲು ಶುರುವಾದದ್ದೂ ಅಲ್ಲೇ. ಹೊರಗಿನ ಗೋಡೆಯನ್ನು ಫೋನು ಚೆನ್ನಾಗಿಯೇ ತೆಗೆಯಿತು. ಒಳಗೆ ಹೋದಾಗ ಕಂಬದ ಮೇಲಿನ ಸಣ್ಣ ಕೆತ್ತನೆ ನೀರುಬಣ್ಣ ಸವರಿದಂತೆ ಕಲಸಿಹೋಯಿತು. ಬೇಲೂರಿನ ಚೆನ್ನಕೇಶವನ ನವರಂಗದಲ್ಲೂ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದಲ್ಲೂ, ಇದೇ ಕಥೆ, ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಒಳಗಂತೂ ಕತ್ತಲು ಇನ್ನೂ ಜಾಸ್ತಿ. ಟ್ರೈಪಾಡ್ ಇಟ್ಟು ತೆಗೆಯೋಣ ಅಂದರೆ ಪುರಾತತ್ವ ಇಲಾಖೆಯ ಗುಡಿಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು. ಪೂಜೆ ನಡೆಯುವ ಗುಡಿಯಾದರೆ ಅರ್ಚಕರನ್ನು ಕೇಳದೆ ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸಲೂಬಾರದು. ಹೀಗೆ ಪುಸ್ತಕದಲ್ಲಿ ಮೂರು ಸಾಲು ಸೇರಿದವು. ಕತ್ತಲಲ್ಲಿ ಕೈಯಲ್ಲೇ ಹಿಡಿದು ತೆಗೆಯಬೇಕು. ಗುಡಿಯ ಬುಡದ ಆನೆ ಸಾಲನ್ನು ಅದರ ಮಟ್ಟಕ್ಕೆ ಇಳಿದು ತೆಗೆಯಬೇಕು, ಭುವನೇಶ್ವರಿಯನ್ನು, ಅಂದರೆ ಮೇಲ್ಛಾವಣಿಯ ಕೆತ್ತನೆಯನ್ನು, ಅದರ ನೇರ ಕೆಳಗಿನಿಂದ ತೆಗೆಯಬೇಕು. ಪ್ರೊಜೆಕ್ಟರಿನಲ್ಲಿ ಹಿಗ್ಗಿಸಿದರೂ ಗಂಟೆ, ಸರಪಳಿ ಕಾಣಬೇಕು.

ಚಿಕ್ಕಪ್ಪ ಅದನ್ನು ಓದಿ, "ಈಗ ನಿಂಗೆ ಕ್ಯಾಮೆರಾ ಬೇಕು ಕಣಮ್ಮ" ಅಂದರು. ಕೊಳ್ಳುವ ಮುಂಚೆ, ಒಳಗೆ ಕನ್ನಡಿ ಇರುವ ತಮ್ಮ ಹಳೇ ಡಿಎಸ್‌ಎಲ್‌ಆರ್ ಕೈಗೆ ಕೊಟ್ಟರು. ಫಿಲಂ ರೋಲಿನ ಹಾಗೆ, ಒಂದು ಸಲ ಹೊರಗೆ ಹೋದರೆ 36 ಫೋಟೋ ಮಾತ್ರ. ಅದು ಅವರ ಕಟ್ಟಪ್ಪಣೆ. ಮಹಾರಾಜ ಪಾರ್ಕಿನಲ್ಲಿ ಬೆಳಗಿನ ಹೊತ್ತು ಆ ಲೆಕ್ಕದಲ್ಲೇ ತೆಗೆದೆ. ಒಂದೊಂದು ಸಲ ಗುಂಡಿ ಒತ್ತುವ ಮುಂಚೆಯೂ ಬೆಳಕು ಎಲ್ಲಿಂದ ಬರುತ್ತಿದೆ ಅಂತ ನೋಡುವ ಅಭ್ಯಾಸ ಆಗಿದ್ದು ಅದರಿಂದಲೇ.

ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ ಅಂತ ಮೂರು ಹೆಸರು ಕೇಳಿದರೆ ಎಷ್ಟೋ ಜನ ಅಲ್ಲೇ ಹೆದರಿ ಆಟೋ ಮೋಡಿಗೆ ಹೋಗಿಬಿಡುತ್ತಾರೆ. ಹೆದರಬೇಕಾಗಿಲ್ಲ. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಶಟರ್ ಸ್ಪೀಡ್ ಅಂದರೆ ಬೆಳಕನ್ನು ಎಷ್ಟು ಹೊತ್ತು ಬಿಡಬೇಕು ಅನ್ನುವುದು, ಐಎಸ್‌ಒ ಅಂದರೆ ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದು. ಮೂರೂ ಬೆಳಕಿನ ಲೆಕ್ಕ, ಮೂರರಲ್ಲೂ ಒಂದು ಮೆಟ್ಟಿಲು ಹತ್ತಿದರೆ ಎರಡು ಪಟ್ಟು, ಇಳಿದರೆ ಅರ್ಧ. ನನಗೆ ಮೊದಲು ಕಗ್ಗಂಟಾಗಿದ್ದದ್ದು ಅಪರ್ಚರಿನ ಸಂಖ್ಯೆ. ಎಫ್2 ದೊಡ್ಡ ಕಿಂಡಿ, ಎಫ್16 ಚಿಕ್ಕ ಕಿಂಡಿ. ಇದೇನು ತಲೆಕೆಳಗು ಅಂತ ಅನ್ನಿಸುತ್ತದೆ, ಅಲ್ವಾ? ಚಿಕ್ಕಪ್ಪ ಸ್ಕೇಲ್ ತಂದು ತೋರಿಸಿದರು. ಲೆನ್ಸಿನ ಫೋಕಲ್ ಲೆಂತನ್ನು, ಅಂದರೆ ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದಿರುವ ಅಳತೆಯನ್ನು, ಕಿಂಡಿಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 50 ಎಂಎಂ ಲೆನ್ಸಿನಲ್ಲಿ ಎಫ್2 ಅಂದರೆ ಕಿಂಡಿ 25 ಮಿಲಿಮೀಟರ್. ಅದೇ ಲೆನ್ಸಿನಲ್ಲಿ ಎಫ್8 ಅಂದರೆ 6 ಮಿಲಿಮೀಟರ್ ಚಿಲ್ಲರೆ. ಭಾಗಾಕಾರ ಅಂತ ಗೊತ್ತಾದ ಮೇಲೆ ಸಂಖ್ಯೆ ಮರೆಯಲಿಲ್ಲ. 2, 2.8, 4, 5.6, 8, 11, 16 ಅಂತ ಹೋಗುವ ಸಾಲಿನಲ್ಲಿ ಪ್ರತಿ ಹೆಜ್ಜೆಗೂ ಬೆಳಕು ಅರ್ಧ ಆಗುತ್ತದೆ. ಕಿಂಡಿ ಚಿಕ್ಕದಾದಷ್ಟೂ ಹಿಂದೆ ಮುಂದೆ ಜಾಸ್ತಿ ಆಳದವರೆಗೆ ಫೋಕಸ್ ಸಿಗುತ್ತದೆ. ಗೋಡೆಯ ಕೆತ್ತನೆಗೆ ನಾನು ಎಫ್8 ಇಟ್ಟುಕೊಳ್ಳುತ್ತೇನೆ. ಮುಂದೆ ಚಾಚಿದ ಸೊಂಡಿಲೂ ಹಿಂದಿನ ಬಳ್ಳಿಯೂ ಎರಡೂ ಸ್ಪಷ್ಟ.

ಶಟರ್ ಸುಲಭ. ಕೈಯಲ್ಲಿ ಹಿಡಿದು ತೆಗೆಯುವಾಗ ಎಷ್ಟು ನಿಧಾನಕ್ಕೆ ಇಳಿಯಬಹುದು ಅನ್ನುವುದು ಮುಖ್ಯ. ಫೋಕಲ್ ಲೆಂತ್ ಎಷ್ಟಿದೆಯೋ ಸೆಕೆಂಡಿನ ಅಷ್ಟನೇ ಒಂದು ಭಾಗಕ್ಕಿಂತ ನಿಧಾನ ಬೇಡ ಅನ್ನುವುದು ಹಳೇ ಲೆಕ್ಕ. ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, ಫಿಲಂಗಿಂತ ಚಿಕ್ಕದಾದ ಎಪಿಎಸ್-ಸಿ ಅಳತೆಯದ್ದಾದರೆ ಫೋಕಲ್ ಲೆಂತನ್ನು ಮೊದಲು 1.5ರಿಂದ ಗುಣಿಸಬೇಕು. 35 ಎಂಎಂ ಲೆನ್ಸಿಗೆ ಸುಮಾರು 1/60. ನನ್ನ ಕೈಗೆ ಈ ಲೆಕ್ಕ ಸರಿಯಾಗಿ ಹೊಂದುತ್ತದೆ. ಹೊರಗಿನ ಬಿಸಿಲಿಗೆ ಫಿಲಂ ಕಾಲದವರ ಇನ್ನೊಂದು ಸೂತ್ರ ಇದೆ. ಚೆನ್ನಾಗಿ ಬಿಸಿಲಿದ್ದರೆ ಎಫ್16, ಐಎಸ್‌ಒ 100 ಇದ್ದರೆ ಶಟರ್ 1/100ರ ಆಸುಪಾಸು. ಎಫ್8ಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟು, ಹಾಗಾಗಿ ಶಟರ್ 1/400. ಚಿಕ್ಕಪ್ಪ ಬೆಳಕು ಅಳೆಯುವ ಮೀಟರ್ ನೋಡದೆ ಆಕಾಶ ನೋಡಿಯೇ ಇದನ್ನು ಹೇಳುತ್ತಿದ್ದರು. ಅದು ನೋಡಿ ನನಗೆ ಬಹಳ ಹೆಮ್ಮೆ ಅನ್ನಿಸಿತು.

ಐಎಸ್‌ಒ ಜಾಸ್ತಿ ಮಾಡುವುದು ರೇಡಿಯೋದ ವಾಲ್ಯೂಮ್ ಏರಿಸಿದ ಹಾಗೆ. ಹಾಡಿನ ಜೊತೆ ಗೊರಗೊರ ಸದ್ದೂ ಏರುತ್ತದೆ. ಚಿತ್ರದಲ್ಲಿ ಅದು ಮರಳು ಮರಳಾದ ಚುಕ್ಕೆ. ಕತ್ತಲ ಗುಡಿಯಲ್ಲಿ ಇದನ್ನು ಒಪ್ಪಿಕೊಳ್ಳಲೇಬೇಕು. ಅಲುಗಿದ ಚಿತ್ರಕ್ಕಿಂತ ಚುಕ್ಕೆ ಇರುವ ಚಿತ್ರ ವಾಸಿ.

ಕ್ಯಾಮೆರಾದ ಮೀಟರ್ ಹೇಗೆ ಯೋಚಿಸುತ್ತದೆ ಅನ್ನುವುದನ್ನು ಮಾತ್ರ ಯಾರೂ ಬಿಡಬಾರದು. ಎದುರಿಗೆ ಏನಿದ್ದರೂ ಅದು ನಡುಮಧ್ಯದ ಬೂದು ಬಣ್ಣ ಅಂತಲೇ ಅಂದುಕೊಂಡು ಅಳೆಯುತ್ತದೆ. ಹೊಯ್ಸಳರ ಬಳಪದ ಕಲ್ಲು ಕಡು ಬಣ್ಣದ್ದು. ಫ್ರೇಮಿನ ತುಂಬ ಅದೇ ಇದ್ದರೆ ಮೀಟರ್ ಅದನ್ನು ಬೆಳ್ಳಗೆ ಮಾಡಿ, ಕಲ್ಲು ಬೂದಿ ಬಳಿದಂತೆ ಕಾಣುತ್ತದೆ. ಅಲ್ಲಿ ಎಕ್ಸ್‌ಪೋಷರ್ ಕಾಂಪನ್ಸೇಷನ್ ಗುಂಡಿ ಒತ್ತಿ 0.7 ಮೆಟ್ಟಿಲು ಮೈನಸ್ ಮಾಡುತ್ತೇನೆ. ಇದಕ್ಕೆ ಉಲ್ಟಾ ಚಿಕ್ಕಮಗಳೂರಿನ ಅಕ್ಕನ ತೋಟದಲ್ಲಿ ಸಿಕ್ಕಿತು. ಬೇಸಿಗೆಯ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಗಿಡದ ರೆಂಬೆ ರೆಂಬೆಗೂ ಬಿಳಿ ಹೂವು. ಮೀಟರ್ ಅದನ್ನೂ ಬೂದು ಮಾಡಿತು. ಅಲ್ಲಿ ಒಂದು ಪ್ಲಸ್. ಮುಳ್ಳಯ್ಯನಗಿರಿಯ ಮಂಜಿಗೂ ಪ್ಲಸ್ಸೇ. ಬೇಲೂರಿನ ಮದನಿಕೆಯರು ಸೂರಿನ ಕೆಳಗೆ ನೆರಳಲ್ಲಿ ನಿಂತಿರುತ್ತಾರೆ, ಹಿಂದೆ ಬೆಳ್ಳನೆಯ ಆಕಾಶ. ಅವರಿಗೂ ಪ್ಲಸ್ ಕೊಡದಿದ್ದರೆ ಮುಖವೇ ಕಾಣುವುದಿಲ್ಲ. ಕಪ್ಪಿಗೆ ಮೈನಸ್, ಬಿಳಿಗೆ ಪ್ಲಸ್. ಸುಮ್ನೆ ನೆನಪಿಟ್ಟುಕೊಂಡರೆ ಸಾಕು.

ಇಷ್ಟಾದ ಮೇಲೆ ಅಂಗಡಿ. ನನ್ನ ಹತ್ತಿರ ಇದ್ದದ್ದು 40,000 ರೂಪಾಯಿ.

ಮೊದಲು ತೋರಿಸಿದ್ದು ದೊಡ್ಡ ಜೂಮಿನ ಕ್ಯಾಮೆರಾ. "60 ಎಕ್ಸ್ ಜೂಮ್ ಮೇಡಂ, ಲೆನ್ಸ್ ಬದಲಾಯಿಸೋ ತಲೆನೋವೇ ಇಲ್ಲ" ಅಂದರು. ಎಕ್ಸ್ ಅನ್ನುವುದು ಲೆನ್ಸಿನ ಅತಿ ಉದ್ದದ ಅಳತೆಗೂ ಅತಿ ಗಿಡ್ಡದ ಅಳತೆಗೂ ಇರುವ ಅನುಪಾತ, ಚಿತ್ರದ ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ. ನಾನು ಸೆನ್ಸರ್ ಎಷ್ಟು ದೊಡ್ಡದು ಅಂತ ಕೇಳಿದೆ. ಅಂಥ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದು ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರದ ಸೆನ್ಸರ್. ಎಪಿಎಸ್-ಸಿ ಅನ್ನುವ ಅಳತೆಯದ್ದು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. ವಿಸ್ತೀರ್ಣದಲ್ಲಿ 12 ಪಟ್ಟಿಗೂ ಜಾಸ್ತಿ. ಕತ್ತಲಲ್ಲಿ ಕೆಲಸಕ್ಕೆ ಬರುವುದು ಆ ವಿಸ್ತೀರ್ಣವೇ. ನನ್ನ ಪುಸ್ತಕದ ಮೊದಲ ಸಾಲಿಗೆ ಉತ್ತರ ಅಲ್ಲೇ ಸಿಕ್ಕಿತು.

ಮೆಗಾಪಿಕ್ಸೆಲ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 24 ಮೆಗಾಪಿಕ್ಸೆಲ್ ಅಂದರೆ 6000 ಅಡ್ಡ, 4000 ಉದ್ದ. ಇಂಚಿಗೆ 300 ಚುಕ್ಕೆಯಂತೆ ಪ್ರಿಂಟ್ ಹಾಕಿಸಿದರೂ 20 ಇಂಚು ಅಗಲ ಬರುತ್ತದೆ. ಫುಲ್ ಎಚ್‌ಡಿ ಪ್ರೊಜೆಕ್ಟರಿಗೆ ಬೇಕಾದದ್ದು 2 ಮೆಗಾಪಿಕ್ಸೆಲ್ ಮಾತ್ರ. ಮಿಕ್ಕದ್ದೆಲ್ಲ ಆನೆಯ ಗಂಟೆಯ ತನಕ ಹಿಗ್ಗಿಸಿ ತೋರಿಸಲು ಇರುವ ಉಳಿತಾಯ.

ಮಿರರ್‌ಲೆಸ್ಸೋ ಡಿಎಸ್‌ಎಲ್‌ಆರೋ ಅನ್ನುವ ಪ್ರಶ್ನೆಗೆ ಜಾಸ್ತಿ ಹೊತ್ತು ಹೋಯಿತು. ಹೊಸ ಕ್ಯಾಮೆರಾಗಳು ಈಗ ಹೆಚ್ಚಾಗಿ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್. ಹಗುರ, ಫೋಟೋ ಹೇಗೆ ಬರುತ್ತದೆ ಅಂತ ಗುಂಡಿ ಒತ್ತುವ ಮುಂಚೆಯೇ ಪರದೆಯಲ್ಲಿ ಕಾಣುತ್ತದೆ. ಕಲಿಯುವವರಿಗೆ ಅದು ನಿಜವಾಗಿಯೂ ದೊಡ್ಡ ಅನುಕೂಲ. ದುಡ್ಡಿದ್ದರೆ ಅದನ್ನೇ ತೆಗೆದುಕೊಳ್ಳಿ ಅಂತ ನಾನೂ ಹೇಳುತ್ತೇನೆ. ಆದರೆ ನನ್ನ ದುಡ್ಡಿಗೆ ಹೊಸ ಮಿರರ್‌ಲೆಸ್ ಬಾಡಿ, ಅದರ ಮೇಲೆ ಕತ್ತಲಿಗೆ ಒಂದು ಲೆನ್ಸು, ಎರಡೂ ಆಗುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಆದರೆ ಎರಡೂ ಬರುತ್ತಿತ್ತು.

ಕೊನೆಗೆ ಕಣಕ್ಕಿಳಿದವು ನಿಕಾನ್ ಡಿ3500 ಮತ್ತು ಡಿ5600. ಎರಡರಲ್ಲೂ 24 ಮೆಗಾಪಿಕ್ಸೆಲ್, ಎರಡರಲ್ಲೂ ಎಪಿಎಸ್-ಸಿ ಸೆನ್ಸರ್. 2018ರ ಡಿ3500 ಹೊಸದು, ಇನ್ನೂ ಹಗುರ. 2016ರ ಡಿ5600ನ ಪರದೆ ಮಾತ್ರ ಹೊರಕ್ಕೆ ತೆರೆದು ಎತ್ತ ಬೇಕಾದರೂ ತಿರುಗುತ್ತದೆ. ನನ್ನ ಪುಸ್ತಕದ ಎರಡನೇ ಸಾಲು ನೆನಪಾಯಿತು. ಆನೆ ಸಾಲಿನ ಎದುರು ಮಲಗಬೇಕಾಗಿಲ್ಲ, ಪರದೆ ಮೇಲೆ ಮಾಡಿ ಕ್ಯಾಮೆರಾ ಕೆಳಗಿಟ್ಟರೆ ಆಯಿತು. ಭುವನೇಶ್ವರಿಗೆ ಕತ್ತು ನೋಯಿಸಿಕೊಳ್ಳಬೇಕಾಗಿಲ್ಲ. ಹೀಗೆ ಪರದೆ ನೋಡಿ ತೆಗೆಯುವಾಗ ಡಿಎಸ್‌ಎಲ್‌ಆರ್‌ನ ಆಟೋಫೋಕಸ್ ನಿಧಾನ ಅನ್ನುವ ದೂರು ನಿಜ. ಓಡಾಡುವ ಮಗುವಿನ ಫೋಟೋ ತೆಗೆಯುವವರಿಗೆ ಅದು ಕಷ್ಟ. ನನ್ನ ಆನೆಗಳು ಒಂಬೈನೂರು ವರ್ಷದಿಂದ ಅಲ್ಲೇ ನಿಂತಿವೆ, ಅವಕ್ಕೆ ಅವಸರ ಇಲ್ಲ. ಡಿ5600 ಅಂತ ನಿಶ್ಚಯವಾಯಿತು.

ಹಳೇ ಕ್ಯಾಮೆರಾ ಪರೀಕ್ಷೆ ಮಾಡಲು ಚಿಕ್ಕಪ್ಪನೇ ಜೊತೆಗೆ ಬಂದರು. ಒಂದು ಫೋಟೋ ತೆಗೆದು ಅದರ ಎಕ್ಸಿಫ್ ಮಾಹಿತಿಯಲ್ಲಿ, ಅಂದರೆ ಫೋಟೋ ಜೊತೆಗೇ ದಾಖಲಾಗುವ ವಿವರದಲ್ಲಿ, ಶಟರ್ ಎಷ್ಟು ಸಲ ಕೆಲಸ ಮಾಡಿದೆ ಅನ್ನುವ ಶಟರ್ ಕೌಂಟ್ ನೋಡಿದರು. ಈ ಮಾಡೆಲಿನ ಶಟರನ್ನು 1 ಲಕ್ಷ ಸಲಕ್ಕೆ ಪರೀಕ್ಷೆ ಮಾಡಿರುತ್ತಾರೆ, ಅದಕ್ಕಿಂತ ಬಹಳ ಕೆಳಗಿದ್ದರೆ ಒಳ್ಳೆಯದು. ಎಫ್16 ಇಟ್ಟು ಬಿಳಿ ಗೋಡೆ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಲೆನ್ಸಿನ ಹಿಂದಿನಿಂದ ಫೋನಿನ ಟಾರ್ಚ್ ಹಿಡಿದು ಮುಂದಿನಿಂದ ನೋಡಬೇಕು. ಒಳಗೆ ಜೇಡರ ಬಲೆಯ ಎಳೆ ತರಹ ಕಂಡರೆ ಅದು ಫಂಗಸ್, ಅಂದರೆ ಬೂಷ್ಟು. ಅಂಥದ್ದನ್ನು ಬಿಟ್ಟಿ ಕೊಟ್ಟರೂ ತರಬೇಡ ಅಂದರು. ಬಿಲ್, ಬ್ಯಾಟರಿ, ಚಾರ್ಜರ್, ಕಾರ್ಡ್ ಹಾಕುವ ಜಾಗ ಎಲ್ಲ ನೋಡಿ ದುಡ್ಡು ಕೊಟ್ಟೆವು.

ಮಿಕ್ಕ ದುಡ್ಡಲ್ಲಿ ಜೂಮ್ ಕೊಳ್ಳಲಿಲ್ಲ, 35 ಎಂಎಂ ಎಫ್1.8 ಲೆನ್ಸ್ ಕೊಂಡೆ. ನಿಕಾನ್‌ನಲ್ಲಿ ಒಂದು ವಿಷಯ ಗಮನಿಸಬೇಕು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದ ಲೆನ್ಸ್ ಆದರೆ ಮೋಟರ್ ಲೆನ್ಸಿನಲ್ಲೇ ಇರುತ್ತದೆ. ಕಡಿಮೆ ಬೆಲೆಗೆ ಸಿಗುವ ಹಳೇ ಎಎಫ್-ಡಿ ಲೆನ್ಸ್ ತಂದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕಾಗುತ್ತದೆ. ಜೊತೆಗೆ ಬಂದ 18-55 ಕಿಟ್ ಲೆನ್ಸ್ 35ರಲ್ಲಿ ಎಫ್4.5ರ ಹತ್ತಿರ ಇರುತ್ತದೆ. ಎಫ್1.8ಕ್ಕೆ ಹೋಲಿಸಿದರೆ ಒಳಗೆ ಬರುವ ಬೆಳಕು ಆರರಲ್ಲಿ ಒಂದು ಪಾಲು. ಬೇಲೂರಿನ ನವರಂಗದಲ್ಲಿ ಎಫ್2, 1/60, ಐಎಸ್‌ಒ 3200 ಇಟ್ಟು ಕಡೆದ ಕಂಬದ ಉಂಗುರಗಳು ಒಂದೊಂದಾಗಿ ಪರದೆಯಲ್ಲಿ ಮೂಡಿದಾಗ ನನ್ನ ಕಣ್ಣು ತುಂಬಿ ಬಂತು. ಕಿಟ್ ಲೆನ್ಸಿನಲ್ಲಿ ಅದೇ ಚಿತ್ರಕ್ಕೆ ಐಎಸ್‌ಒ 16000 ಬೇಕಾಗುತ್ತಿತ್ತು.

ಈಗ ಎಲ್ಲವನ್ನೂ ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಹಿಡಿದ ಮಾಹಿತಿಯನ್ನು ಹಾಗೇ ಉಳಿಸಿಕೊಳ್ಳುವ ಫೈಲಿನಲ್ಲಿ, ತೆಗೆಯುತ್ತೇನೆ. ಒಂದೊಂದು ಚಿತ್ರ 20 ಎಂಬಿ ಮೇಲೆ ಆಗುತ್ತದೆ. ಆದರೆ ನೆರಳಲ್ಲಿ ಮುಳುಗಿದ ಕೆತ್ತನೆಯನ್ನು ಮನೆಗೆ ಬಂದು ಮೇಲೆತ್ತಬಹುದು. ಡಾರ್ಕ್‌ಟೇಬಲ್ ಅನ್ನುವ ತಂತ್ರಾಂಶ ಉಚಿತ, ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ.

ಅಕ್ಕನ ಮಗನಿಗೂ ಇದೇ ಪುಸ್ತಕದ ಉಪಾಯ ಹೇಳಿದೆ. ಅವನ ಪುಸ್ತಕದ ತುಂಬ ಹಕ್ಕಿಗಳೇ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಮರಿ ಮಾಡುವ ರಿವರ್ ಟರ್ನ್ ಹಾರುವುದನ್ನು ಹಿಡಿಯಬೇಕು ಅಂತ ಅವನ ಆಸೆ. ಅದಕ್ಕೆ 1/2000 ಶಟರ್, ಉದ್ದದ ಲೆನ್ಸ್, ಹಾರುವ ಹಕ್ಕಿಯನ್ನು ಬಿಡದೆ ಹಿಂಬಾಲಿಸುವ ಫೋಕಸ್ ಬೇಕು. ನನ್ನ ಕ್ಯಾಮೆರಾ ಅವನಿಗೆ ಸರಿಹೋಗುವುದಿಲ್ಲ. ಹಕ್ಕಿಯನ್ನು ತಾನೇ ಗುರುತಿಸಿ ಫೋಕಸ್ ಹಿಡಿಯುವ ಕ್ಯಾನನ್ ಆರ್50 ಮೇಲೆ ಅವನ ಕಣ್ಣು, ಅದಕ್ಕಾಗಿ ದುಡ್ಡು ಕೂಡಿಡುತ್ತಿದ್ದಾನೆ. ಸರಿಯಾದ ಆಯ್ಕೆ ಅಂತಲೇ ನನಗೂ ಅನ್ನಿಸುತ್ತದೆ.

ಅವನು ಇರುವುದು ಮಲೆನಾಡಿನಲ್ಲಿ, ಹಾಗಾಗಿ ಒಂದು ಮಾತು ಗಟ್ಟಿಯಾಗಿ ಹೇಳಿದ್ದೇನೆ. ಕ್ಯಾಮೆರಾ ಕೊಳ್ಳುವ ದಿನವೇ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ಮೂರನ್ನೂ ತರಬೇಕು. ಜೂನ್‌ನಿಂದ ಮೂರು ನಾಲ್ಕು ತಿಂಗಳು ಅಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬೀರುವಿನ ಚೀಲದಲ್ಲಿಟ್ಟ ಲೆನ್ಸು ಫಂಗಸ್ ಹಿಡಿಯದೆ ಇರುತ್ತದೆಯೇ? ಡಬ್ಬದ ಒಳಗೆ ತೇವ 40ರಿಂದ 50 ಪರ್ಸೆಂಟ್ ಇರಬೇಕು. ಸಿಲಿಕಾ ಜೆಲ್ಲಿನ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಹೀರಿದೆ ಅಂತ ಲೆಕ್ಕ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತದೆ. ಆ ಬಣ್ಣದಲ್ಲಿ ವಿಷ ಇರುವುದರಿಂದ ಅಡುಗೆಗೆ ಬಳಸುವ ಬಾಣಲೆ ಮಾತ್ರ ಬೇಡ. ಅಕ್ಕಿ ಡಬ್ಬದಲ್ಲಿ ಇಟ್ಟರೆ ಆಗಲ್ವಾ ಅಂತ ಅಕ್ಕ ಕೇಳಿದಳು. ಅಕ್ಕಿಯ ಪುಡಿ ಲೆನ್ಸಿನ ಸಂದಿಗೆ ಸೇರುತ್ತದೆ, ಬೇಡ ಅಂದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಕ್ಯಾಮೆರಾ ಹೊರಗೆ ತೆಗೆದು ಅಂಗಳದ ಹೂವಿನದ್ದಾದರೂ ನಾಲ್ಕು ಫೋಟೋ ತೆಗೆದು ಒಳಗಿಡು ಅಂತ ಅವನಿಗೆ ಹೇಳಿದ್ದೇನೆ.